ತೇವ

ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿಯುವ ಓಣಿಯಲ್ಲಿ
ಪೋಕರಿಕ್ಕನ ಮೆಣಸಿನ ಮಂಡಿ.
ಲೆಕ್ಕ ಬರೆಯುವವಳು ನಾನು, ಹನ್ನೊಂದು ವರ್ಷದಿಂದ.
ಮೂಟೆಯ ಹೊಟ್ಟೆಯಿಂದ ಮಾದರಿ ತೆಗೆಯಲು
ಬೇರೆಯವರ ಬಳಿ ತಗಡಿನ ಡಬ್ಬಿ, ಪ್ಲಾಸ್ಟಿಕ್ ಮಗ್ಗು.
ನಮ್ಮಲ್ಲಿ ಒಂದು ಚೀನಿ ಪಿಂಗಾಣಿಯ ಬಟ್ಟಲು.

ಅದಕ್ಕೆ ಎರಡು ಮೈ.
ಮರಳಲ್ಲಿ ಹೂತಿದ್ದ ಅರ್ಧ ಇವತ್ತಿಗೂ ಹಾಲಿನ ಕೆನೆ:
ಒಳಗೊಂದು ನೀಲಿ ದೋಣಿ, ಗೊರಬೆ ಹೊದ್ದ ಅಂಬಿಗ,
ಹುಟ್ಟು ಎತ್ತಿದ್ದಾನೆ, ಇನ್ನೂ ನೀರಿಗೆ ಇಳಿಸಿಲ್ಲ.
ನೀರಿಗೆ ತೆರೆದಿದ್ದ ಇನ್ನರ್ಧ ಮಂಕು,
ದನ ನೆಕ್ಕಿ ಸವೆಸಿದ ಉಪ್ಪುಗಲ್ಲಿನ ಹಾಗೆ.
ಅಂಚಿನುದ್ದಕ್ಕೆ ಏಳು ಬಿಳಿ ಉಂಗುರ,
ಯಾವುದೋ ಚಿಪ್ಪುಹುಳುಗಳು ಮನೆ ಕಟ್ಟಿ
ಬಾಡಿಗೆ ಕೊಡದೆ ಎದ್ದುಹೋದ ಗುರುತು.

ಬಂದದ್ದು ಹೀಗೆ:
ಅಳಿಕ್ಕಲಿನ ಬಲೆಗಾರ ಅಂದ್ರುಮಾನ್
ಒಣಮೀನಿನ ಜೀಪಿನಲ್ಲಿ ಮಾಕುಟ್ಟ ಘಾಟಿ ಹತ್ತಿಸಿ ತಂದ,
ನಾನ್ನೂರು ರೂಪಾಯಿ ಸಾಲಕ್ಕೆ ಬದಲು.
ಬಲೆಗೆ ಸಿಕ್ಕಾಗ ಒಳಗೆ ಕರಿ ಕೆಸರು ಗಟ್ಟಿಯಾಗಿತ್ತಂತೆ,
ಚೂರಿಯಲ್ಲಿ ಕೆರೆದನಂತೆ, ಕೆರೆದು ಮೂಸಿದನಂತೆ,
ದೋಣಿ ಅಲ್ಲಾಡುವಷ್ಟು ಸೀನು.
ಮೂರು ಸೀನು ಎನ್ನುತ್ತಾರೆ ಪೋಕರಿಕ್ಕ.
ಹೋದ ವರ್ಷ ಎರಡಿತ್ತು.
ಸುಳ್ಳಿರಬಹುದು. ಮಂಡಿಯಲ್ಲಿ ಕೂತವಳಿಗೆ ಗೊತ್ತು,
ಮೆಣಸಿನ ವಿಷಯದಲ್ಲಿ ಪೂರ್ತಿ ಒಣಗಿದ ಮಾತು ಅಪರೂಪ.

ಮೊನ್ನೆ ಬಾಳೆಲೆಯ ಪೆಮ್ಮಯ್ಯ ಮೂರು ಮೂಟೆ ಇಳಿಸಿದರು.
ಬಟ್ಟಲು ಒಳಗಿಳಿದು ತುಂಬಿಕೊಂಡು ಬಂತು.
ಯಂತ್ರ ಹದಿನಾರು ತೋರಿಸಿತು.
“ಒದ್ದೆ. ಇನ್ನೆರಡು ಬಿಸಿಲು ಕಾಣಿಸಿ ತನ್ನಿ.”
ಪೆಮ್ಮಯ್ಯನವರ ಮೀಸೆ ಒಮ್ಮೆ ಕುಣಿಯಿತು:
“ಒದ್ದೆ ನನ್ನ ಮೆಣಸಲ್ಲ ಇಕ್ಕ, ನಿಮ್ಮ ಬಟ್ಟಲು.
ಕಡಲಿನ ತಳ ಕಂಡದ್ದು ಅದು, ನಾನಲ್ಲ.”
ಎಲ್ಲರೂ ನಕ್ಕರು. ಕೇರುತ್ತಿದ್ದ ಬೊಳಚಿ
ಮೊರ ನಿಲ್ಲಿಸಿ ನಕ್ಕಳು. ನನ್ನ ಪೆನ್ನು ಮಾತ್ರ
ತೇವಾಂಶದ ಕಲಮಿನಲ್ಲೇ ನಿಂತುಬಿಟ್ಟಿತು.

ಆ ಕರಿ ಕೆಸರು ಯಾವ ಬಳ್ಳಿಯದು?
ಇದೇ ಘಾಟಿ ಇಳಿದದ್ದೆ,
ಉಪ್ಪು ತರಲು ಹೋದ ಎತ್ತಿನ ಬೆನ್ನಿನ ಮೇಲೆ?
ಏಣಿ ಹತ್ತಿ ಕೊಯ್ದವಳು
ಬೊಳಚಿಯ ಅಜ್ಜಿಯ ಅಜ್ಜಿಗೂ ಅಜ್ಜಿಯೋ,
ಅವಳ ಉಗುರಿನ ಕಪ್ಪೂ ಬೆರೆತಿತ್ತೋ ಅದರಲ್ಲಿ?
ತಕ್ಕಡಿ ಹಿಡಿದವನು ಒಣಗಿದೆ ಅಂದನೆ, ಒದ್ದೆ ಅಂದನೆ?
ಹಡಗು ಮುಳುಗಿದಾಗ
ನಷ್ಟ ಯಾರ ಹೆಸರಿಗೆ ಹತ್ತಿತು?
ಬಟ್ಟಲು ತಿರುವಿದ ಕುಂಬಾರ
ಇಂಥದೊಂದು ಬೆಟ್ಟವಿದೆಯೆಂದು ಕೇಳಿಯೂ ಇರಲಿಲ್ಲ.
ಕೊಯ್ದವಳಿಗೆ
ಕಡಲೆಂದರೆ ಗಂಜಿಯಲ್ಲಿ ಕರಗುವ ಒಂದು ಚಿಟಿಕೆ.

ಕೊಚ್ಚಿಯಿಂದ ಒಬ್ಬ ಬಂದಿದ್ದ, ಭೂತಗನ್ನಡಿಯವನು.
ಉಗುರಿನಿಂದ ತಟ್ಟಿ ಕಿವಿಗೊಟ್ಟ.
ಉಂಗುರಗಳನ್ನು ಆಸಿಡ್ಡಿನಲ್ಲಿ ಕರಗಿಸಿದರೆ
ಬೆಲೆ ಏರುತ್ತದೆ ಅಂದ. ಎಷ್ಟೆಂದೂ ಪಿಸುಗುಟ್ಟಿದ.
ಕೇಳಿಸಿಕೊಂಡೆ; ಇಲ್ಲಿ ಬರೆಯುವುದಿಲ್ಲ.
ರಾತ್ರಿಯಿಡೀ ಮನುಷ್ಯ ಮಗ್ಗುಲು ಬದಲಿಸಿದ್ದೇ ಬದಲಿಸಿದ್ದು
ಅಂತ ಆಸ್ಯುಮ್ಮ ದೂರಿದರು.
ಬೆಳಿಗ್ಗೆ ಎಂದಿನಂತೆ ಮೂಟೆಗೆ ಬಟ್ಟಲು ಅದ್ದಿದರು ಪೋಕರಿಕ್ಕ.
ನಿರ್ಧಾರ ಅಂತೇನಲ್ಲ. ಆವತ್ತು ಮಾಲು ಜಾಸ್ತಿ ಬಂದಿತ್ತು.
ಕೊಚ್ಚಿಯವನ ಚೀಟಿ ಇನ್ನೂ ಗಲ್ಲಾದಲ್ಲೇ ಇದೆ.

ಬಾಗಿಲು ಹಾಕುವ ಮುಂಚೆ ಅದನ್ನು ಒರೆಸಿಡುವುದು ನಾನೇ.
ನಾಲ್ಕನೆಯ ಉಂಗುರದಲ್ಲಿ ಒಂದು ಕಾಳು ಕಚ್ಚಿ ಕೂತಿದೆ,
ವಾರವಾಯಿತು, ಪಿನ್ನಿಗೂ ಏಳುತ್ತಿಲ್ಲ.
ಒಂಟಿ ಕಾಳಿನ ತೇವ ಯಂತ್ರಕ್ಕೆ ತಿಳಿಯದು,
ಹಿಡಿಯಷ್ಟಾದರೂ ಬೇಕು.
ಬಟ್ಟಲು ಬೋರಲು ಹಾಕಿದೆ;
ಅಂಬಿಗ ತಲೆಕೆಳಗಾಗಿ ಕತ್ತಲಿಗೆ ಹೋದ,
ಹುಟ್ಟು ಎತ್ತಿಕೊಂಡೇ.
ಪುಸ್ತಕ ತೆರೆದು ‘ತೂಕದಲ್ಲಿ ನಷ್ಟ’ ಎಂಬಲ್ಲಿ
ಬರೆದೆ: ಕಾಳು, ಒಂದು.
ತಾರೀಖಿನ ಜಾಗ ಖಾಲಿ ಬಿಟ್ಟೆ.